1969ರ ಕ್ಯಾಮರೋ ಒಳಾಂಗಣ: ಯಾವ ಪೀಸು ಹಳೆಯದೇ ಇರಲಿ, ಯಾವುದು ಹೊಸದಾದರೂ ಸರಿ

ಹಳೆಯ ಕ್ಯಾಮರೋ ಕೊಂಡವರು ಮೊದಲು ತರಿಸುವುದು ಸೀಟಿನ ಕವರು. ಹರಿದ ಸೀಟೇ ಮೊದಲು ಕಣ್ಣಿಗೆ ಬೀಳುತ್ತದಲ್ಲ. ಎರಡು ತಿಂಗಳು ಬಿಟ್ಟು ಇನ್ನೊಂದು ಕಡೆಯಿಂದ ಬಾಗಿಲಿನ ಪ್ಯಾನೆಲ್ ಬರುತ್ತದೆ, ಮೂರನೆಯ ಕಡೆಯಿಂದ ಡ್ಯಾಶ್ ಪ್ಯಾಡ್, ಅಂದರೆ ಮುಂಗಾಜಿನ ಕೆಳಗಿನ ಮೆತ್ತನೆಯ ಹೊದಿಕೆ. ಎಲ್ಲವೂ ಕಪ್ಪು. ಜೋಡಿಸಿ ಬಿಸಿಲಿಗೆ ನಿಲ್ಲಿಸಿದರೆ ಒಂದು ನೀಲಿ ತಿರುಗಿದ ಕಪ್ಪು, ಒಂದು ಕಂದು ತಿರುಗಿದ ಕಪ್ಪು, ಮೂರನೆಯದು ಎಣ್ಣೆ ಸವರಿದಂತೆ ಹೊಳೆಯುತ್ತಿರುತ್ತದೆ. ರೆಕ್ಸಿನ್ನಿನ ಮೇಲಿನ ಗೆರೆಗಳೂ ಮೂರು ಬಗೆ. ಬಿಡಿಬಿಡಿಯಾಗಿ ನೋಡಿದರೆ ಯಾವ ಪೀಸಿನಲ್ಲೂ ದೋಷವಿಲ್ಲ, ಕಾರು ಮಾತ್ರ ಹಾಳಾಗಿ ಕಾಣುತ್ತದೆ.

ದೊಡ್ಡ ಎಂಜಿನ್ನಿನ ಅಮೆರಿಕದ ಮಸಲ್ ಕಾರುಗಳಲ್ಲಿ 1969ರ ಶೆವ್ರೊಲೆ ಕ್ಯಾಮರೋಗೆ ಸಿಗುವಷ್ಟು ಹೊಸ ಬಿಡಿಭಾಗ ಹೆಚ್ಚಿನ ಕಾರುಗಳಿಗೆ ಸಿಗುವುದಿಲ್ಲ. ಆ ವರ್ಷದ ಮಾದರಿ 2,43,085 ತಯಾರಾದವು. ಅಷ್ಟೊಂದು ಕಾರುಗಳಿರುವುದರಿಂದ ನಕಲು ಮಾಡುವವರಿಗೂ ಲಾಭ. ಹಾಗಾಗಿ ಪೀಸು ಸಿಗುತ್ತದೋ ಇಲ್ಲವೋ ಎನ್ನುವ ಚಿಂತೆ ಇಲ್ಲ. ನಾಲ್ಕು ಬಗೆಯಲ್ಲಿ ಸಿಗುವ ಒಂದೇ ಪೀಸಿನಲ್ಲಿ ಯಾವುದನ್ನು ಆರಿಸುವುದು ಎನ್ನುವುದೇ ಇಲ್ಲಿ ತಲೆನೋವು.

ಮೊದಲು ಕಾರಿನ ಜಾತಕ

ಎಂಜಿನ್ ಕೋಣೆಯ ಹಿಂಗೋಡೆಯ ಮೇಲೆ, ಚಾಲಕನ ಕಡೆ, ಸಣ್ಣ ಲೋಹದ ತಗಡು ಇರುತ್ತದೆ. ಇದೇ ಕೌಲ್ ಟ್ಯಾಗ್. ಇದರಲ್ಲಿ ‘ಟಿಆರ್’ ಎಂಬ ಅಕ್ಷರಗಳ ಮುಂದಿನ ಮೂರಂಕಿಯೇ ಒಳಾಂಗಣದ ಸಂಕೇತ. 711 ಎಂದರೆ ಸಾದಾ ಕಪ್ಪು, 712 ಎಂದರೆ ಕಸ್ಟಮ್ ಕಪ್ಪು, 720 ಎಂದರೆ ಕಿತ್ತಳೆ ಹೌಂಡ್ಸ್‌ಟೂತ್ ಚೌಕುಳಿ ಬಟ್ಟೆ. ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ರೇಸು ಕಾರುಗಳ ಮುಂದೆ ಓಡುವ ಪೇಸ್ ಕಾರಿನ ಮಾದರಿಯಲ್ಲಿ ಮಾರಿದ, ಝಡ್ 11 ಎಂಬ ಆಯ್ಕೆಯ, ಚಾವಣಿ ಮಡಚುವ ಕನ್ವರ್ಟಿಬಲ್‌ಗಳಿಗೆ ಹಾಕಿದ್ದು ಈ 720. ಅಂಥವು 3,675 ಬಂದವು.

ಸಾದಾ ಮತ್ತು ಕಸ್ಟಮ್ ನಡುವಿನ ವ್ಯತ್ಯಾಸ ಬಣ್ಣದ್ದಲ್ಲ. ಝಡ್ 87 ಎಂಬ ಕಸ್ಟಮ್ ಒಳಾಂಗಣದಲ್ಲಿ ಬಾಗಿಲಿನ ಪ್ಯಾನೆಲ್ಲು ಅಚ್ಚಿನಲ್ಲಿ ಒತ್ತಿದ್ದು, ಕೈಯೊರಗು ಅದರಲ್ಲೇ ಸೇರಿದೆ. ಡ್ಯಾಶಿನ ಮೇಲೆ ಮರದ ನಮೂನೆಯ ಪಟ್ಟಿ, ಪಕ್ಕದವರು ಹಿಡಿದುಕೊಳ್ಳಲು ಒಂದು ಹಿಡಿ. ಚೌಕುಳಿ ಬಟ್ಟೆ ಬಂದದ್ದು ಈ ಝಡ್ 87 ಜೊತೆ ಮಾತ್ರ. ಆದ್ದರಿಂದ ಸಾದಾ ಬಾಗಿಲಿನ ಪ್ಯಾನೆಲ್ ಇಟ್ಟುಕೊಂಡು ಸೀಟಿಗೆ ಹೌಂಡ್ಸ್‌ಟೂತ್ ಹಾಕಿದ ಕಾರನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ನೋಡಲು ಚೆಂದವಿರಬಹುದು, ಕಾರ್ಖಾನೆಯಿಂದ ಹಾಗೆ ಬಂದಿರಲಿಲ್ಲ.

ಅದೇ ತಗಡಿನಲ್ಲಿ ತಯಾರಾದ ತಿಂಗಳು, ವಾರವೂ ಇದೆ. ‘03ಬಿ’ ಎಂದರೆ ಮಾರ್ಚ್ ಎರಡನೇ ವಾರ. ಇಲ್ಲೊಂದು ಮೋಸ ಹೋಗುವ ಜಾಗವಿದೆ. ಮುಂದಿನ ಮಾದರಿ ತಡವಾದ್ದರಿಂದ 1969ರ ಮಾದರಿಯ ತಯಾರಿಕೆ ಆ ವರ್ಷದ ಕೊನೆಯ ತಿಂಗಳುಗಳವರೆಗೂ ನಡೆಯಿತು. ಹಾಗಾಗಿ ‘10’ ಎಂದಿದ್ದರೆ 1968ರ ಅಕ್ಟೋಬರೋ 1969ರ ಅಕ್ಟೋಬರೋ ತಗಡು ನೋಡಿ ಹೇಳಲಾಗದು. ಮುಂಗಾಜಿನ ಬುಡದಲ್ಲಿ ಕಾಣುವ ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ, ಅದನ್ನು ಬಿಡಿಸುತ್ತದೆ. ಒಹಾಯೊದ ನಾರ್ವುಡ್ ಕಾರ್ಖಾನೆಯ ಕಾರುಗಳ ಕ್ರಮಸಂಖ್ಯೆ 500001ರಿಂದ ಶುರುವಾಗಿ 7 ಲಕ್ಷ ದಾಟಿತು, ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನದು 5,31,163ಕ್ಕೇ ನಿಂತಿತು. ಸಂಖ್ಯೆ ಆರಂಭದ ಕಡೆ ಇದ್ದರೆ 1968, ಕೊನೆಯ ಕಡೆ ಇದ್ದರೆ 1969.

ತಿಂಗಳು ಯಾಕೆ ಬೇಕು? ಅಮೆರಿಕದಲ್ಲಿ 1969ರ ಜನವರಿ 1ರಿಂದ ತಯಾರಾದ ಕಾರುಗಳ ಮುಂದಿನ ಸೀಟಿಗೆ ತಲೆಯೊರಗು ಕಡ್ಡಾಯವಾಯಿತು. ಅದಕ್ಕೆ ಮೊದಲಿನ ಕಾರಿನಲ್ಲಿ ಗಿರಾಕಿ ಕೇಳಿದ್ದರೆ ಮಾತ್ರ ಇತ್ತು. 1968ರ ನವೆಂಬರಿನ ಕಾರಿಗೆ ತಲೆಯೊರಗಿಲ್ಲದ ಸೀಟೇ ಸರಿಯಾಗಿರಬಹುದು. ಅದನ್ನು ಕೊರತೆ ಎಂದುಕೊಂಡು ಕವರಿಗೆ ತೂತು ಕೊರೆದವರಿದ್ದಾರೆ.

ಇನ್ನು, ತಗಡನ್ನೇ ನಂಬುವಂತಿಲ್ಲ. ನಕಲಿ ಟ್ಯಾಗ್ ಮಾಡಿಸಿ ಹೊಡೆಯುವುದು ಹಳೆಯ ದಂಧೆ. ಕಾರೇ ಸಾಕ್ಷಿ ಹೇಳಬೇಕು. ಗ್ಲೋವ್ ಬಾಕ್ಸ್ ಬಿಚ್ಚಿ ಡ್ಯಾಶಿನ ತಗಡಿನ ಒಳಬದಿ ನೋಡಿ, ಹಿಂದಿನ ಪಕ್ಕದ ಪ್ಯಾನೆಲ್ ತೆಗೆದು ಅದರ ಬೆನ್ನು ನೋಡಿ, ಹೊಸ್ತಿಲ ಪಟ್ಟಿ ಎತ್ತಿ ಅದರಡಿ ಸಿಕ್ಕಿಕೊಂಡ ಹಳೆಯ ಕಾರ್ಪೆಟ್ಟಿನ ಎಳೆ ನೋಡಿ. ಹಸಿರು, ನೀಲಿ ಒಳಾಂಗಣಗಳನ್ನು ಮುಂದೆ ಕಪ್ಪು ಮಾಡಿದ್ದು ಬಹಳ. ಹೊರಗೆ ಕಪ್ಪು, ಬೆನ್ನಿನಲ್ಲಿ ಕಡು ಹಸಿರು ಕಂಡರೆ ಕಾರಿನ ನಿಜ ಬಣ್ಣ ಅದೇ.

ನಾಲ್ಕು ದಾರಿ

ಮೊದಲನೆಯದು ಎನ್‌ಒಎಸ್. ಆಗಲೇ ತಯಾರಾಗಿ ಪೆಟ್ಟಿಗೆಯಲ್ಲೇ ಉಳಿದ, ಬಳಸದ ಪೀಸು. ಬೆಲೆ ಎಲ್ಲಕ್ಕಿಂತ ಜಾಸ್ತಿ, ಗೌರವವೂ ಜಾಸ್ತಿ. ಆದರೆ ಈ ಗೌರವ ಎಲ್ಲ ಪೀಸಿಗೂ ಸಲ್ಲುವುದಿಲ್ಲ. ಪೆಟ್ಟಿಗೆಯಲ್ಲಿದ್ದರೂ ರೆಕ್ಸಿನ್ ಒಣಗಿ ಕುಗ್ಗುತ್ತದೆ, ಫೋಮು ಪುಡಿಯಾಗುತ್ತದೆ, ರಬ್ಬರು ಕಲ್ಲಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಡೀಲರುಗಳಿಗೆಂದು ಶೆವ್ರೊಲೆಯ ಮಾತೃಸಂಸ್ಥೆ ಜಿಎಂ (ಜನರಲ್ ಮೋಟರ್ಸ್) ಮುಂದಿನ ವರ್ಷಗಳಲ್ಲೂ ಸರ್ವಿಸ್ ಪೀಸು ಮಾಡುತ್ತಿತ್ತು, ಎಷ್ಟೋ ಸಲ ಗೆರೆ, ಬಣ್ಣ, ಗುರುತು ಬದಲಾಗಿರುತ್ತಿತ್ತು. ಪೆಟ್ಟಿಗೆ ಜಿಎಂದೇ, ಪೀಸೂ ಜಿಎಂದೇ, ಆದರೂ 1969ರಲ್ಲಿ ಕಾರಿಗೆ ಕೂರಿಸಿದ ಪೀಸು ಅದಲ್ಲ. ಎನ್‌ಒಎಸ್‌ಗೆ ದುಡ್ಡು ಸುರಿಯುವುದಾದರೆ ಲೋಹ, ಕ್ರೋಮು, ಗಾಜು, ಗುಬುಟುಗಳಿಗೆ ಸುರಿಯಿರಿ.

ಎರಡನೆಯದು ಬಳಸಿದ ಮೂಲ ಪೀಸು: ಗುಜರಿ ಅಂಗಳ, ಪೆನ್ಸಿಲ್ವೇನಿಯಾದ ಹರ್ಷಿ ಮತ್ತು ಕಾರ್ಲೈಲ್‌ನಲ್ಲಿ ನಡೆಯುವ ದೊಡ್ಡ ಬಿಡಿಭಾಗಗಳ ಸಂತೆ, ಬಿಚ್ಚಿ ಮಾರುವವರು. ಗಟ್ಟಿ ಪ್ಲಾಸ್ಟಿಕ್, ಮುಂದಿನ ಎರಡು ಸೀಟಿನ ನಡುವೆ ಕೂರುವ ಕನ್ಸೋಲು, ಸ್ಟೀರಿಂಗು, ಮೀಟರುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪೀಸನ್ನು ತಿರುಗಿಸಿ ಬೆನ್ನು ನೋಡುವುದು ಮೊದಲ ಕೆಲಸ. ಅಚ್ಚೊತ್ತಿದ ಜಿಎಂ ಸಂಖ್ಯೆ, ಬಣ್ಣ ಬಳಿಯದ ಮೂಲ ಪ್ಲಾಸ್ಟಿಕ್ಕಿನ ಬಣ್ಣ, ಸ್ಕ್ರೂ ಕೂರುವ ಗೂಟಗಳ ಬಿರುಕು ಎಲ್ಲ ಅಲ್ಲೇ ಕಾಣುತ್ತವೆ. ಮುಂದಿನಿಂದ ತೆಗೆದ ಫೋಟೊ ನೋಡಿ ದುಡ್ಡು ಕಳಿಸಬೇಡಿ.

ಮೂರನೆಯದು ಪರವಾನಗಿ ಪಡೆದ ಹೊಸ ನಕಲು. ಪಿಯುಐ, ಒಇಆರ್ ಮುಂತಾದ ಹೆಸರುಗಳಲ್ಲಿ ಬರುವ ಪೀಸುಗಳಲ್ಲಿ ‘ಜಿಎಂ ರೆಸ್ಟೊರೇಷನ್ ಪಾರ್ಟ್’ ಗುರುತು ಇರುವುದನ್ನು ಹುಡುಕಿ. ಗುರುತಿದ್ದ ಮಾತ್ರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದಲ್ಲ, ಆದರೆ ಅಳತೆ ತಪ್ಪುವ ಸಂಭವ ಕಡಿಮೆ. ಮೆತ್ತಗಿನ ಪೀಸುಗಳಿಗೆಲ್ಲ ಇದೇ ಸರಿ.

ನಾಲ್ಕನೆಯದು ಮೂಲ ಪೀಸನ್ನೇ ದುರಸ್ತಿ ಮಾಡಿಸುವುದು. ಒರೆಗಾನ್‌ನ ಕ್ಯಾನ್‌ಬಿಯ ಎಸ್‌ಎಂಎಸ್ ಆಟೊ ಫ್ಯಾಬ್ರಿಕ್ಸ್ ಹಳೆಯ ಬಟ್ಟೆ, ರೆಕ್ಸಿನ್ ದಾಸ್ತಾನಿಗೆ ಹೆಸರಾದದ್ದು. ವ್ಯಾನ್ ನೈಸ್‌ನ ಜಸ್ಟ್ ಡ್ಯಾಶಸ್ ಹಳೆಯ ಡ್ಯಾಶ್ ಪ್ಯಾಡಿಗೆ ಹೊಸ ಹೊದಿಕೆ ಹಾಕಿಕೊಡುತ್ತದೆ. ಸಮಯ ಹಿಡಿಯುತ್ತದೆ, ಆದರೆ ನಿಮ್ಮದೇ ಪೀಸು ವಾಪಸ್ ಬರುವುದರಿಂದ ತೂತು ತೂತಿಗೆ ಕೂರುತ್ತದೆ.

ಅಗ್ಗದ, ಹೆಸರಿಲ್ಲದ ನಕಲು ಐದನೆಯ ದಾರಿ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಡಿಕ್ಕಿಯೊಳಗಿನ ಚಾಪೆಗೆ ಆದೀತು.

ಸೀಟು

ಸಾದಾ ರೆಕ್ಸಿನ್ ಸೀಟಿನ ನಡುಭಾಗದ ಗೆರೆಗಳನ್ನು ಬೆರಳಲ್ಲಿ ಸವರಿ ನೋಡಿ. ಅದು ಸೂಜಿಯಲ್ಲಿ ಹೊಲಿದದ್ದಲ್ಲ, ಅಚ್ಚಿನಲ್ಲಿ ಒತ್ತಿ ಶಾಖದಿಂದ ಬೆಸೆದದ್ದು. ಡೆಟ್ರಾಯಿಟ್ ಕಡೆ ಇರುವ ಕನ್ನಡಿಗರಿಗೆ ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಲಿಸಿಕೊಂಡು ಬಂದರಾಯಿತು ಎನ್ನಿಸುವುದು ಸಹಜ. ಅಲ್ಲಿನ ಕೈಕೆಲಸ ಚೊಕ್ಕವಾಗಿಯೇ ಇರುತ್ತದೆ. ತೊಡಕಿರುವುದು ಹೊಲಿಗೆಯಲ್ಲೇ: ಬೆಸೆದ ಗೆರೆ ಇರಬೇಕಾದ ಕಡೆ ದಾರ ಕಂಡರೆ ಆ ಸೀಟು 1969ರದ್ದಾಗುವುದಿಲ್ಲ. ಸಾದಾ ಕವರಿಗೆ ಹೊಸ ನಕಲೇ ಸರಿ.

ಹೌಂಡ್ಸ್‌ಟೂತ್ ಆದರೆ ತೂಗಿ ನೋಡಬೇಕು. ನಕಲು ಬಟ್ಟೆಗಳಲ್ಲಿ ಚೌಕುಳಿಯ ಗಾತ್ರವೂ ನೂಲಿನ ಬಣ್ಣವೂ ಒಬ್ಬರಿಂದ ಒಬ್ಬರಿಗೆ ಬೇರೆ. ಹಿಂದಿನ ಸೀಟಿನ ಸಂದಿಯಲ್ಲಿ ಬಿಸಿಲು ತಾಗದ ಹಳೆಯ ಬಟ್ಟೆ ಇದ್ದೇ ಇರುತ್ತದೆ. ಅಂಗೈ ಅಗಲದ ತುಂಡು ಕತ್ತರಿಸಿಟ್ಟುಕೊಂಡು, ಮಾರುವವರಿಂದ ಮಾದರಿ ತುಂಡು ತರಿಸಿ, ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ಹತ್ತು ಸೆಂಟಿಮೀಟರಿಗೆ ಎಷ್ಟು ಚೌಕುಳಿ ಬರುತ್ತದೆ ಎಣಿಸಿ. ಮೊಬೈಲ್ ಪರದೆಯಲ್ಲಿ ಬಣ್ಣ ಹೋಲಿಸಿ ಪ್ರಯೋಜನವಿಲ್ಲ.

ಕವರು ತರಿಸುವಾಗ ಫೋಮೂ ತರಿಸಿ. ಕುಸಿದ ಹಳೆಯ ಫೋಮಿನ ಮೇಲೆ ಹೊಸ ಕವರು ಎಂದೂ ಬಿಗಿಯಾಗಿ ಕೂರುವುದಿಲ್ಲ, ಸುಕ್ಕು ಬಿದ್ದಾಗ ಎಲ್ಲರೂ ಬೈಯುವುದು ಕವರನ್ನು. ಸ್ಪ್ರಿಂಗಿನ ಮೇಲೆ ಗೋಣಿಬಟ್ಟೆ ಹಾಸಿ ಆಮೇಲೆ ಫೋಮು. ಬಟ್ಟೆ ಇಲ್ಲದಿದ್ದರೆ ಸ್ಪ್ರಿಂಗು ಫೋಮನ್ನು ಅಡಿಯಿಂದ ಕೊಯ್ಯುತ್ತಾ ಬರುತ್ತದೆ. ಹಳೆಯ ಕವರಿನ ಮಡಿಕೆಯೊಳಗೆ ಉಕ್ಕಿನ ಸರಿಗೆಗಳಿರುತ್ತವೆ, ಅವನ್ನು ಎಳೆದು ತೆಗೆದು ಹೊಸದಕ್ಕೆ ತೂರಿಸಬೇಕು. ಹಳೆಯದನ್ನು ಎಸೆದ ಮೇಲೆ ನೆನಪಾದರೆ ಕೆಲಸ ಅಲ್ಲಿಗೇ ನಿಂತಿತು. ಕವರನ್ನು ಚೌಕಟ್ಟಿಗೆ ಕಚ್ಚಿಸುವ ಮುಕ್ಕಾಲು ಇಂಚಿನ ಲೋಹದ ಉಂಗುರ, ಅಂದರೆ ಹಾಗ್ ರಿಂಗ್, 250ರ ಪೊಟ್ಟಣ ಒಂದು, ಅದರ ಇಕ್ಕಳ ಒಂದು. ಕವರನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿ ಮೆತ್ತಗಾದ ಮೇಲೆ ಎಳೆಯಿರಿ. ಚಳಿಯಲ್ಲಿ ಎಳೆದರೆ ಬೆಸುಗೆಯ ಗೆರೆಯಲ್ಲೇ ಸೀಳುತ್ತದೆ. ಸೀಟಿನ ಚೌಕಟ್ಟು ಬೇಕಾದವರಿಗೆ ಸಂತೆಯಲ್ಲಿ ಶೆವ್ರೊಲೆಯದೇ ಇನ್ನೊಂದು ಕಾರಾದ ಶೆವೆಲ್‌ನದೂ ಕಾಣಸಿಗುತ್ತದೆ, ಆದರೆ ಅಡಿಯ ಹಳಿ ಬೇರೆ.

ಡ್ಯಾಶು, ಮೀಟರು

1967 ಮತ್ತು 68ರ ಡ್ಯಾಶಿನಲ್ಲಿ ಮೀಟರುಗಳ ಗೂಡು ದುಂಡಗಿತ್ತು, 69ರಲ್ಲಿ ಚೌಕವಾಯಿತು. ಕೀಲಿ ಹಾಕುವ ಜಾಗ ಕೂಡ 69ರಲ್ಲಿ ಡ್ಯಾಶಿನಿಂದ ಸ್ಟೀರಿಂಗ್ ಕಾಲಮ್ಮಿಗೆ ಹೋಯಿತು. ಹಾಗಾಗಿ ‘67–69ಕ್ಕೆ ಆಗುತ್ತದೆ’ ಎಂದು ಯಾರಾದರೂ ಡ್ಯಾಶಿನ ಪೀಸು ತೋರಿಸಿದರೆ ಎರಡು ಸಲ ಕೇಳಿ. ಎ.ಸಿ. ಇದ್ದ ಕಾರಿನ ಗಾಳಿಕಿಂಡಿಗಳೂ ಬೇರೆ. ಕಾಲಿಡುವ ಜಾಗದ ಪಕ್ಕದ ಕಿಕ್ ಪ್ಯಾನೆಲ್ಲಿನಲ್ಲಿ ಬಲಗಡೆಯದೂ ಅಷ್ಟೇ.

ಡ್ಯಾಶ್ ಪ್ಯಾಡಿನ ಒಳಗೆ ಫೋಮು, ಮೇಲೆ ರೆಕ್ಸಿನ್. ಬಿಸಿಲಿಗೆ ರೆಕ್ಸಿನ್ ಕುಗ್ಗುತ್ತದೆ, ಫೋಮು ಕುಗ್ಗುವುದಿಲ್ಲ, ನಡುವೆ ಬಿರುಕು ಬಿಡುತ್ತದೆ. ಬಿರುಕಿಗೆ ಮೇಣ ತುಂಬಿ ಬಣ್ಣ ಹೊಡೆದದ್ದು ಒಂದು ಬೇಸಿಗೆ ಬಾಳುತ್ತದೆ. ಹೊಸ ನಕಲಾದರೆ ತುದಿಗಳನ್ನು ಪರೀಕ್ಷಿಸಿ: ಮುಂಗಾಜಿನ ಕಂಬದ ಹತ್ತಿರ ಮೂಲೆ ಮೇಲೆದ್ದು ನಿಲ್ಲುವುದು ನಕಲು ಪ್ಯಾಡಿನ ಸಾಮಾನ್ಯ ರೋಗ. ನಟ್ಟುಗಳನ್ನು ಬಿಗಿ ಮಾಡದೆ ಎಲ್ಲವನ್ನೂ ಕೈಯಲ್ಲಿ ತಿರುಗಿಸಿ, ಪ್ಯಾಡು ಬೆಚ್ಚಗಾದ ಮೇಲೆ ನಡುವಿನಿಂದ ಹೊರಕ್ಕೆ ಬಿಗಿಯಿರಿ. ಪ್ರದರ್ಶನಕ್ಕೆ ಇಡುವ ಕಾರಾದರೆ ಮೂಲ ಪ್ಯಾಡಿಗೇ ಹೊಸ ಹೊದಿಕೆ ಹಾಕಿಸುವುದು ಲೇಸು.

ಮೀಟರು ಹೊಸದು ಕೊಳ್ಳಬೇಡಿ. ಹಳೆಯ ಮುಖಫಲಕದ ಅಂಕಿಗಳ ದಪ್ಪ, ಮುಳ್ಳಿನ ಬಣ್ಣ ನಕಲಿನಲ್ಲಿ ಪೂರ್ತಿ ಬರುವುದು ಅಪರೂಪ. ಯು 17 ಎಂಬ ಆಯ್ಕೆಯಲ್ಲಿ ಬಲಗೂಡಿನಲ್ಲಿ ಎಂಜಿನ್ ಸುತ್ತುವ ವೇಗ ತೋರಿಸುವ ಟ್ಯಾಕೋಮೀಟರು, ಕನ್ಸೋಲಿನ ಮೇಲೆ ಪೆಟ್ರೋಲು, ಬಿಸಿ, ಎಣ್ಣೆ ಒತ್ತಡ, ಬ್ಯಾಟರಿಯ ನಾಲ್ಕು ಸಣ್ಣ ಮೀಟರು. ಇದನ್ನು ಸಾದಾ ಕಾರಿಗೆ ಕೂರಿಸಲು ಹಲವರಿಗೆ ಆಸೆ. ಮೀಟರು ಕೊಂಡರೆ ಮುಗಿಯಲಿಲ್ಲ: ಎಂಜಿನ್ ಕಡೆಯ ವೈರಿಂಗು ಬೇರೆ, ಬಿಸಿ ಅಳೆಯುವ ಸೆಂಡರು ಬೇರೆ. ದೀಪ ಹೊತ್ತಿಸುವ ಸೆಂಡರಿಗೆ ಮೀಟರು ಜೋಡಿಸಿದರೆ ಮುಳ್ಳು ಒಂದು ತುದಿಯಲ್ಲೋ ಇನ್ನೊಂದು ತುದಿಯಲ್ಲೋ ಅಂಟಿಕೊಂಡಿರುತ್ತದೆ. ಟ್ಯಾಕೋಮೀಟರಿನ ಕೆಂಪು ಗೆರೆ ಎಂಜಿನ್ನಿಗೆ ತಕ್ಕಂತೆ ಬದಲಾಗುತ್ತಿತ್ತು, ಯಾವುದೋ ಎಂಜಿನ್ನಿನದನ್ನು ತಂದು ಹಾಕಿದರೆ ಬಲ್ಲವರು ಮೊದಲು ನೋಡುವುದೇ ಅದನ್ನು. ಪೆಟ್ರೋಲ್ ಮೀಟರು ತಪ್ಪು ತೋರಿಸಿದರೆ ಟ್ಯಾಂಕಿನ ಸೆಂಡರು 0–90 ಓಮ್‌ನದೇ ಎಂದು ಮೊದಲು ಅಳೆಯಿರಿ. ಹಳೆಯ ಗಡಿಯಾರದ ಒಳಗಿನ ಪಾಯಿಂಟು ಸುಟ್ಟಿರುತ್ತದೆ, ಮುಖ ಹಾಗೇ ಇಟ್ಟು ಒಳಗೆ ಕ್ವಾರ್ಟ್ಜ್ ಹಾಕಿಸಿದರೆ ಸಾಕು. ರೇಡಿಯೋಗೂ ಇದೇ ಉಪಾಯ: ಮೂಲದ ಡೆಲ್ಕೊ ರೇಡಿಯೋದ ಮುಖ, ಒಳಗೆ ಹೊಸ ಬೋರ್ಡು.

ಸ್ಟೀರಿಂಗು

ಗಟ್ಟಿ ಪ್ಲಾಸ್ಟಿಕ್ಕಿನ ಸುತ್ತು ಕಡ್ಡಿ ಸೇರುವ ಕಡೆ ಸೀಳುವುದು ಖಂಡಿತ. ಹೊಸ ನಕಲಿಗಿಂತ ಹಳೆಯದನ್ನೇ ತುಂಬುವುದು ಒಳ್ಳೆಯದು. ಬಿರುಕನ್ನು ಒಳಗಿನ ಉಕ್ಕು ಕಾಣುವವರೆಗೆ ‘ವಿ’ ಆಕಾರದಲ್ಲಿ ಅಗಲಿಸಿ, ತುಕ್ಕು ಕೆರೆದು, ಪಿಸಿ-7 ತರಹದ ಗಟ್ಟಿ ಎಪಾಕ್ಸಿಯನ್ನು ಸ್ವಲ್ಪ ಉಬ್ಬುವಂತೆ ತುಂಬಿ, ಒಂದು ದಿನ ಬಿಡಿ. ಆಮೇಲೆ 80, 220, 400ರ ಉಜ್ಜುಕಾಗದ, ಪ್ರೈಮರು, ಬಣ್ಣ. ಅಗಲಿಸದೆ ಮೇಲಷ್ಟೇ ಸವರಿದರೆ ಮೊದಲ ಚಳಿಗೇ ಅದೇ ಗೆರೆ ಮತ್ತೆ ತೆರೆದುಕೊಳ್ಳುತ್ತದೆ.

ಕಾರ್ಪೆಟ್ಟು

ಇದರಲ್ಲಿ ಯೋಚನೆ ಬೇಡ, ಹೊಸದೇ. ಆದರೆ ಲೂಪ್ ಇರಬೇಕು, ಅಂದರೆ ನೂಲು ಕುಣಿಕೆ ಕುಣಿಕೆಯಾಗಿ ನಿಂತದ್ದು. 80/20 ರೇಯಾನ್–ನೈಲಾನ್ ಎಂದು ಕೇಳಿ ತೆಗೆದುಕೊಳ್ಳಿ. ಮಕಮಲ್ಲಿನಂತೆ ಕತ್ತರಿಸಿದ ಎಳೆಯದು 70ರ ದಶಕದ ನಡುವಿನ ಕಾರುಗಳಿಗೆ ಸೇರಿದ್ದು, ಕಾಲಿಗೆ ಹಿತವಾದರೂ ಇಲ್ಲಿ ಸಲ್ಲದು.

ಮಡಿಸಿ ಬಂದದ್ದನ್ನು ಒಂದು ದಿನ ಬಿಚ್ಚಿ ಬಿಸಿಲಿಗೆ ಹರಡಿ. ನಡುವಿನ ದಿಬ್ಬದ ಮೇಲೆ ಮೊದಲು ಕೂರಿಸಿ, ಅಲ್ಲಿಂದ ಬಾಗಿಲ ಕಡೆಗೆ ಸವರುತ್ತಾ ಬನ್ನಿ. ಅಂಚು ಕತ್ತರಿಸುವುದು ಎಲ್ಲಕ್ಕಿಂತ ಕೊನೆಗೆ. ಸೀಟಿನ ಬೋಲ್ಟಿನ ತೂತಿಗೆ ಡ್ರಿಲ್ ಹಚ್ಚಬೇಡಿ. ಲೂಪ್ ಕಾರ್ಪೆಟ್ಟಿನ ಒಂದು ಎಳೆ ಡ್ರಿಲ್ಲಿನ ತುದಿಗೆ ಸುತ್ತಿಕೊಂಡರೆ ಸಾಕು, ಸ್ವೆಟರ್ ಬಿಚ್ಚಿದ ಹಾಗೆ ಸಾಲಿಗೆ ಸಾಲೇ ಕಿತ್ತು ಬರುತ್ತದೆ, ಮುಂದಿನಿಂದ ಹಿಂದಿನವರೆಗೆ ಬೋಳು ಗೆರೆ. ಅಡಿಯಿಂದ ದಬ್ಬಣ ಚುಚ್ಚಿ ಜಾಗ ಗುರುತಿಸಿ, ಕಾದ ಬೆಸುಗೆ ಕಡ್ಡಿಯಿಂದ ಸುಟ್ಟು ತೂತು ಮಾಡಿ. ಅಂಚೂ ಕರಗಿ ಕಟ್ಟಿಕೊಳ್ಳುತ್ತದೆ.

ಶಬ್ದ ತಡೆಯಲು ದಪ್ಪ ಹಾಳೆಗಳನ್ನು ಎರಡು ಮೂರು ಪದರ ಹಾಸುವವರಿದ್ದಾರೆ. ಆಮೇಲೆ ಕಾರ್ಪೆಟ್ಟು ಮೂಲೆಗೆ ಇಳಿಯುವುದಿಲ್ಲ, ‘ಬಾಡಿ ಬೈ ಫಿಶರ್’ ಎಂದಿರುವ ಹೊಸ್ತಿಲ ಪಟ್ಟಿಯ ಸ್ಕ್ರೂ ತಗಡಿಗೆ ಸಿಗುವುದಿಲ್ಲ. ಮೊದಲಿದ್ದಂತೆ ಸೆಣಬಿನ ಹಾಸು ಸಾಕು.

ಬಾಗಿಲು, ಮೇಲ್ಛಾವಣಿ, ಪ್ಲಾಸ್ಟಿಕ್

ಸಾದಾ ಪ್ಯಾನೆಲ್ಲಿನ ನಕಲು ಎರಡು ರೂಪದಲ್ಲಿ ಬರುತ್ತದೆ: ಮೇಲಂಚಿನ ಉಕ್ಕಿನ ಪಟ್ಟಿ ಜೋಡಿಸಿಯೇ ಬರುವುದು, ಮತ್ತು ಹಳೆಯ ಪಟ್ಟಿ ಬಿಚ್ಚಿ ನೀವೇ ಜೋಡಿಸಬೇಕಾದದ್ದು. ನಿಮ್ಮ ಪಟ್ಟಿ ತುಕ್ಕು ಹಿಡಿಯದೆ ನೆಟ್ಟಗಿದ್ದರೆ ಮಾತ್ರ ಎರಡನೆಯದು. ಅರಳಿದ ಹಲಗೆಯನ್ನು ನೋಡಿ ಪ್ಯಾನೆಲ್ಲೇ ಕಳಪೆ ಎನ್ನುವವರು ಬಾಗಿಲಿನೊಳಗಿನ ನೀರುತಡೆ ಕಾಗದವನ್ನು ಹಾಕಿಯೇ ಇರುವುದಿಲ್ಲ. ಕಿಟಕಿ ಸಂದಿಯಲ್ಲಿ ಇಳಿಯುವ ಮಳೆನೀರನ್ನು ಬಾಗಿಲಿನ ತಳದ ತೂತಿಗೆ ತಿರುಗಿಸುವುದು ಆ ಕಾಗದವೇ.

ಚಾವಣಿಯ ಒಳಹೊದಿಕೆಯಾದ ಹೆಡ್‌ಲೈನರ್ ಹೊಸದೇ ಇರಲಿ. ಅದನ್ನು ಹಿಡಿದಿರುವ ಕಂಬಿಗಳು ಮಾತ್ರ ಒಂದೊಂದೂ ಒಂದೊಂದು ಬಾಗಿನವು. ಬಿಚ್ಚುವಾಗಲೇ ಟೇಪು ಸುತ್ತಿ ಮುಂದಿನಿಂದ ಒಂದು, ಎರಡು ಎಂದು ಬರೆದು, ಯಾವ ತೂತಿನಲ್ಲಿತ್ತು ಎಂದೂ ಗುರುತಿಸಿ. ಸನ್ ವೈಸರು ಮತ್ತು ಹಿಂಗಂಬದ ಪ್ಯಾನೆಲ್ಲನ್ನು ಹೆಡ್‌ಲೈನರ್ ಕೊಂಡವರಲ್ಲೇ ಕೊಳ್ಳಿ, ಮೂರೂ ಕಣ್ಣಿನ ಒಂದೇ ಸಾಲಿನಲ್ಲಿರುತ್ತವೆ.

ಕಿಕ್ ಪ್ಯಾನೆಲ್ಲಿಗೆ ಹಿಂದಿನ ಮಾಲೀಕರು ಸ್ಪೀಕರ್ ತೂತು ಕೊರೆದಿರುವುದೇ ಹೆಚ್ಚು, ಕೊರೆಯದ ಮೂಲ ಜೋಡಿ ಕಂಡರೆ ಬಿಡಬೇಡಿ. ಬಣ್ಣ ಬೇರೆಯಾದರೂ ಪರವಾಗಿಲ್ಲ. ಸೋಪಿನಲ್ಲಿ ಎರಡು ಸಲ ತೊಳೆದು, ಅಂಟುವ ಪ್ರೈಮರು ಹೊಡೆದು, ರೆಕ್ಸಿನ್ ಬಣ್ಣವನ್ನು ತೆಳುವಾಗಿ ಮೂರು ಸಲ ಸಿಂಪಡಿಸಿದರೆ ಆಯಿತು. ಹಳೆಯ ಪಾಲಿಶ್ಶಿನ ಸಿಲಿಕಾನ್ ಉಳಿದಿದ್ದರೆ ಬಣ್ಣ ಮೀನಿನ ಕಣ್ಣಿನಂತೆ ಗುಳಿ ಗುಳಿಯಾಗಿ ಬಿಟ್ಟುಕೊಳ್ಳುತ್ತದೆ.

ಸೀಟ್ ಬೆಲ್ಟು

ಇಲ್ಲಿ ಮಾತ್ರ ಹಳೆಯದರ ಮೋಹ ಬಿಡಬೇಕು, ಅರ್ಧದಷ್ಟು. ಬಕಲ್ಲು ಮೂಲದ್ದೇ ಇರಲಿ, ಪಟ್ಟಿ ಬೇಡ. ಬಿಸಿಲು ತಿಂದ ಪಟ್ಟಿ ನೋಡಲು ಗಟ್ಟಿಯಿದ್ದರೂ ಅಪಘಾತದಲ್ಲಿ ಹರಿಯಬಹುದು. ಮೂಲ ಬಕಲ್ಲಿಗೆ ಹೊಸ ಪಟ್ಟಿ ನೇಯ್ದು ಹೊಲಿದುಕೊಡುವವರಿದ್ದಾರೆ. ಹೊಲಿದ ಚೀಟಿಯ ಮೇಲಿನ ತಾರೀಖು ಕಾರಿನ ತಾರೀಖಿಗಿಂತ ಕೆಲವು ವಾರ ಹಿಂದಿನದಿರಬೇಕು, ಮುಂದಿನದಿದ್ದರೆ ಅದು ಬೇರೆ ಕಾರಿನ ಬೆಲ್ಟು. ಗಟ್ಟಿ ಚಾವಣಿಯ ಕೂಪೆಯಾದರೆ ಭುಜದ ಬೆಲ್ಟು ಪ್ರತ್ಯೇಕವಾಗಿ ಬಾಗಿಲ ಮೇಲ್ಗಡೆ ಕ್ಲಿಪ್ಪಿನಲ್ಲಿ ಮಲಗಿರುತ್ತದೆ. ಹೆಡ್‌ಲೈನರ್ ಹಾಕುವಾಗ ಆ ತೂತುಗಳನ್ನು ಮುಚ್ಚಿಬಿಡುವುದು ಪದೇ ಪದೇ ಆಗುವ ತಪ್ಪು.

ಕೊಳ್ಳುವ ಕ್ರಮ

ಮೊದಲು ಸಿಗಲು ಕಷ್ಟವಾದ ಗಟ್ಟಿ ಪೀಸು: ಕನ್ಸೋಲು, ಮೀಟರು, ಸ್ಟೀರಿಂಗು, ಕಿಕ್ ಪ್ಯಾನೆಲ್. ಕನ್ಸೋಲು 68ರದ್ದೂ ಕೂರುತ್ತದೆ, 67ರದ್ದು ಬೇರೆ ಬಗೆ. ಇದಕ್ಕೆ ವರ್ಷ ಹಿಡಿದರೂ ಹಿಡಿಯಲಿ. ಮೆತ್ತಗಿನದನ್ನೆಲ್ಲ, ಅಂದರೆ ಸೀಟಿನ ಕವರು, ಬಾಗಿಲಿನ ಪ್ಯಾನೆಲ್, ಹಿಂದಿನ ಪಕ್ಕದ ಪ್ಯಾನೆಲ್ಲನ್ನು ಒಬ್ಬರೇ ತಯಾರಕರಿಂದ, ಒಂದೇ ಆರ್ಡರಿನಲ್ಲಿ, ಎಲ್ಲಕ್ಕಿಂತ ಕೊನೆಗೆ ತರಿಸಿ. ಪೆಟ್ಟಿಗೆ ಬಂದ ದಿನವೇ ಎಲ್ಲವನ್ನೂ ಬಿಚ್ಚಿ ಬಿಸಿಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಒಮ್ಮೆ ಹಾಗ್ ರಿಂಗ್ ಹಾಕಿದ ಕವರನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.